ಗೋಡೆಯಾಚೆಯ ಕಿರ್ರ್ ಸದ್ದು

ಎರಡು ದೇಶಗಳ ಗಡಿಗೆರೆಯ ಮೇಲೆ ಒಂದು ಪಾರ್ಕಿತ್ತು. ಗೆರೆಯ ಈಚೆಗೆ ಹಸಿರು ಉಯ್ಯಾಲೆ, ಆಚೆಗೆ ಕೆಂಪು ಉಯ್ಯಾಲೆ. ಮಕ್ಕಳಿಗೆ ಗೆರೆಯ ಗೊಡವೆಯೇ ಇರಲಿಲ್ಲ. ಹಸಿರಿನ ಮೇಲೆ ಹತ್ತು ಸಲ ಜೀಕಿ, ಓಡಿಹೋಗಿ ಕೆಂಪನ್ನು ಹತ್ತುತ್ತಿದ್ದರು. ಅದನ್ನು ಕಂಡಾಗಲೆಲ್ಲ ಹಸಿರು ಉಯ್ಯಾಲೆಗೆ ಹೊಟ್ಟೆ ಉರಿಯುತ್ತಿತ್ತು. "ಆ ಕೆಂಪಿ ನನ್ನ ಮಕ್ಕಳನ್ನು ಸೆಳೆದುಕೊಳ್ಳುತ್ತಾಳೆ" ಎಂದು ಕಂಡ ಕಂಡ ಹಕ್ಕಿಗಳಿಗೆಲ್ಲ ದೂರುತ್ತಿತ್ತು.

ಒಂದು ದಿನ ಗೆರೆಯ ಮೇಲೆ ಗೋಡೆ ಎದ್ದಿತು. "ಸದ್ಯ, ಇನ್ನು ನನ್ನ ಮಕ್ಕಳು ನನಗೇ!" ಎಂದು ಹಸಿರು ಹಿಗ್ಗಿತು. ಆದರೆ ಆಚೆಯ ಗೆಳೆಯರಿಲ್ಲದ ಆಟ ಈಚೆಯ ಮಕ್ಕಳಿಗೆ ಸಪ್ಪೆಯಾಯಿತು. ಒಬ್ಬೊಬ್ಬರಾಗಿ ಬರುವುದನ್ನೇ ಬಿಟ್ಟರು. ಹಸಿರನ್ನು ತೂಗಲು ಗಾಳಿಯೊಂದೇ ಉಳಿಯಿತು. ಗೋಡೆಯಾಚೆ ಮಾತ್ರ ದಿನವಿಡೀ ಕಿರ್ರ್, ಕಿರ್ರ್ ಸದ್ದು!

ತಡೆಯಲಾರದೆ ಅದು ಗೋಡೆಯ ಮೇಲಿದ್ದ ಅಳಿಲನ್ನು ಕೇಳಿತು: "ಅಳಿಲಣ್ಣ, ಆ ಕೆಂಪಿಯ ಮೇಲೆ ಎಷ್ಟು ಮಕ್ಕಳಿದ್ದಾರೆ?"

"ಒಂದು ಮಗುವೂ ಇಲ್ಲ, ಹಸಿರಮ್ಮ. ಅದು ತುಕ್ಕಿನ ಸದ್ದು. ಮಕ್ಕಳು ಆಡುವ ಉಯ್ಯಾಲೆಗೆ ಮಾಲಿ ಎಣ್ಣೆ ಬಿಡುತ್ತಾನೆ, ಕಿರುಗುಟ್ಟುವುದು ಖಾಲಿ ಉಯ್ಯಾಲೆ. ಇದು ನಿನಗೆ ತಿಳಿಯದ್ದೇ?"

ಎಷ್ಟೋ ದಿನಗಳ ಮೇಲೆ ಹಸಿರಿಗೆ ಹಾಯೆನಿಸಿತು. ಮರುಗಳಿಗೆಯೇ ದನಿ ತಗ್ಗಿಸಿ, "ನನ್ನ ಮೇಲೂ ಯಾರೂ ಇಲ್ಲವೆಂದು ದಯವಿಟ್ಟು ಅವಳಿಗೆ ಹೇಳಬೇಡ" ಎಂದು ಬೇಡಿಕೊಂಡಿತು.

"ಅವಳೂ ಹೀಗೆಯೇ ಬೇಡಿಕೊಂಡಿದ್ದಳು" ಎನ್ನುತ್ತ ಅಳಿಲು ಆಚೆಗೆ ಜಿಗಿಯಿತು.