ಮೋಹನಕ್ಕೆ ಸೇರಿದ ಆರನೆಯ ಸ್ವರ

ಕಡಲ ತೀರದ ಮರಳಕೋಟೆಯನ್ನು ಆಳುತ್ತಿದ್ದ ಚೆನ್ನರಸನಿಗೆ ಸಂಗೀತೋತ್ಸವದ ವಿಷಯದಲ್ಲಿ ತಿಳಿಯದಿದ್ದದ್ದು ಒಂದೇ: ಸಂಗೀತ. ಚಪ್ಪರ ಎಷ್ಟು ಎತ್ತರವಿರಬೇಕು, ತನ್ನ ಆಸನ ಅದಕ್ಕಿಂತ ಎಷ್ಟು ಕಡಿಮೆ ಎತ್ತರವಿದ್ದರೆ ಸಾಕು ಎಂಬುದೆಲ್ಲ ಅವನಿಗೆ ಕರಗತವಾಗಿತ್ತು.

ಆ ವರ್ಷದ ಉತ್ಸವಕ್ಕೆ ವಾರವಿರುವಾಗ ಆಸ್ಥಾನದ ವಾಗ್ಗೇಯಕಾರ ಪುರುಷಯ್ಯನನ್ನು ಕರೆಸಿದ.

"ಮೂರು ವರ್ಷದಿಂದ ಕೀರ್ತನೆಯೊಂದನ್ನು ಕಟ್ಟುತ್ತಿದ್ದೀಯಂತೆ. ಮುಗಿಯಿತೇ?"

"ಮುಗಿಯಿತು, ಪ್ರಭು."

"ಕೊನೆಯ ಸಾಲಿನಲ್ಲಿ ಯಾರ ಅಂಕಿತವಿದೆ?"

"ಕಟ್ಟಿದವನದು, ಪ್ರಭು. ನನ್ನದು."

"ತೆಗೆ. ನನ್ನದನ್ನು ಹಾಕು. ನಿನಗೆ ಅನ್ನ ಹಾಕಿದವನು ನಾನು. ಅನ್ನವಿಲ್ಲದೆ ಹಾಡು ಹುಟ್ಟುತ್ತಿತ್ತೇ?"

ಈ ತರ್ಕದಂತೆ ಅದು ಅಡುಗೆಭಟ್ಟನ ಕೀರ್ತನೆಯಾಗಬೇಕಿತ್ತು. ಪುರುಷಯ್ಯ ಅದನ್ನು ಬಾಯಿಬಿಟ್ಟು ಹೇಳಲಿಲ್ಲ.

"ಒಲ್ಲೆನೆಂದರೆ?"

"ಈ ಸೀಮೆಯಲ್ಲಿ ನಿನ್ನ ಒಂದು ಹಾಡನ್ನೂ ಯಾರೂ ಹಾಡುವುದಿಲ್ಲ. ನೀನೂ ಸಹ."

ಪುರುಷಯ್ಯ ತಲೆಬಾಗಿ ಕೀರ್ತನೆಯನ್ನು ಹಾಡಿ ತೋರಿಸಿದ. ಅರಸನ ಹುಬ್ಬು ಗಂಟಾಯಿತು.

"ಏನೋ ಬಡಕಲಾಗಿದೆಯಲ್ಲ?"

"ರಾಗ ಮೋಹನ, ಪ್ರಭು. ಇದಕ್ಕೆ ಇರುವುದೇ ಐದು ಸ್ವರ. ಮಧ್ಯಮಕ್ಕೂ ನಿಷಾದಕ್ಕೂ ಇಲ್ಲಿ ಪ್ರವೇಶವಿಲ್ಲ."

"ನನ್ನ ಹೆಸರಿನ ಹಾಡಿಗೆ ಐದೇ ಸ್ವರವೇ? ನನ್ನ ರಾಜ್ಯದಲ್ಲಿ ಸ್ವರಕ್ಕೂ ಬರಗಾಲವೇ? ಇನ್ನೊಂದನ್ನು ಸೇರಿಸು."

"ರಾಗ ಕೆಡುತ್ತದೆ, ಪ್ರಭು."

"ಸೇರಿಸು ಎಂದೆ."

"ಅಪ್ಪಣೆ. ತಮ್ಮ ಅಂಕಿತದ ಪಕ್ಕದಲ್ಲಿಯೇ ಮಧ್ಯಮವನ್ನು ಕೂರಿಸುತ್ತೇನೆ."

ಅರಸನಿಗೆ ಸಂತೋಷವಾಯಿತು. ಯಾರು ಯಾರ ಪಕ್ಕ ಕೂರಬೇಕೆಂಬುದು ಅವನಿಗೆ ಅರ್ಥವಾಗುವ ಸಂಗತಿ.

ಆ ಉತ್ಸವಕ್ಕೊಂದು ಕಟ್ಟಳೆಯಿತ್ತು. ಹೊಸ ಕೀರ್ತನೆಯಲ್ಲಿ ದೋಷ ಕಂಡರೆ ಅಂಕಿತದ ಒಡೆಯ ಎದ್ದು ನಿಂತು, ಆ ಸಾಲನ್ನು ತಾನೇ ಹಾಡಿ ಸಮರ್ಥಿಸಬೇಕು. ಹನ್ನೆರಡು ವರ್ಷಗಳಿಂದ ಹಾರ ಹಾಕಿಸಿಕೊಂಡೊಡನೆ ಊಟಕ್ಕೆ ಏಳುತ್ತಿದ್ದ ಚೆನ್ನರಸ ಅದನ್ನು ಕಂಡಿರಲಿಲ್ಲ. ಈ ಸಲ ಮಾತ್ರ ತನ್ನ ಹೆಸರು ಕೇಳಲೆಂದು ಹಸಿವನ್ನು ತಡೆದು ಕುಳಿತಿದ್ದ.

ಪುರುಷಯ್ಯ ಹಾಡಿದ. ಸಭೆ ತಲೆದೂಗಿತು. ಕೊನೆಯ ಸಾಲಿನಲ್ಲಿ ಮಧ್ಯಮ ಕೇಳಿಸಿತು; ಅದರ ಹಿಂದೆಯೇ ಚೆನ್ನರಸನ ಹೆಸರು. ಪರಸ್ಥಳದಿಂದ ಬಂದಿದ್ದ ವೃದ್ಧ ವೈಣಿಕೆ ಚಂದಲೆ ಕೈ ಎತ್ತಿದಳು.

"ನಿಲ್ಲಿಸಿ, ಪುರುಷಯ್ಯನವರೇ. ಮೋಹನದೊಳಗೆ ಮಧ್ಯಮವನ್ನು ತಂದವರು ಯಾರು?"

"ನಾನು ಹಾಡುವವನು ಮಾತ್ರ, ತಾಯಿ. ಅಂಕಿತ ಪ್ರಭುಗಳದ್ದು."

ಚಂದಲೆ ಅರಸನ ಕಡೆ ತಿರುಗಿದಳು. "ಹಾಗಾದರೆ ಪ್ರಭುಗಳು ಎದ್ದು ಆ ಸಾಲನ್ನು ಹಾಡಬೇಕು. ಶ್ರುತಿ ಸಿದ್ಧವಿದೆ."

ಸಾವಿರ ಜನ ಕಾದರು. ತಂಬೂರಿ ಮಿಡಿಯುತ್ತಲೇ ಇತ್ತು. ಅರಸ ಎದ್ದ. ಬಾಯಿ ತೆರೆದ. ಕಡಲಿನ ಸದ್ದು ಮಾತ್ರ ಕೇಳಿಸಿತು.

"ಅದು... ನಾನು ಕಟ್ಟಿದ್ದಲ್ಲ," ಎಂದ ಕಡೆಗೆ. "ಎಲ್ಲ ಪುರುಷಯ್ಯನೇ ಕಟ್ಟಿದ್ದು. ನಾನು ಹೆಸರು ಕೊಟ್ಟೆ, ಅಷ್ಟೇ."

"ಸಭೆ ಕೇಳಿಸಿಕೊಂಡಿದೆ," ಎಂದಳು ಚಂದಲೆ.

"ಹಾಗಾದರೆ ಹೊಣೆ ನನ್ನದು," ಎಂದು ಪುರುಷಯ್ಯ ಅದೇ ಸಾಲನ್ನು ಮಧ್ಯಮವಿಲ್ಲದೆ, ತನ್ನ ಅಂಕಿತದೊಂದಿಗೆ ಮತ್ತೆ ಹಾಡಿದ. ಚಂದಲೆ ಕಣ್ಣು ಮುಚ್ಚಿ ಕೇಳಿದಳು. ಈ ಸಲ ಕೈ ಎತ್ತಲಿಲ್ಲ.

ಸಭೆ ಮುಗಿದ ಮೇಲೆ ಅರಸ ಹಲ್ಲು ಕಚ್ಚಿ ಕೇಳಿದ, "ನನ್ನದೆನ್ನುವುದು ಈಗ ಆ ಹಾಡಿನಲ್ಲಿ ಏನೂ ಇಲ್ಲವೋ?"

"ಒಂದು ಸ್ವರವಿತ್ತು, ಪ್ರಭು," ಎಂದ ಪುರುಷಯ್ಯ. "ಅದನ್ನು ತೆಗೆದ ಮೇಲೆಯೇ ಹಾಡು ಸರಿಹೋದದ್ದು."