ದಡದಲ್ಲೇ ಹಚ್ಚಿ ನೋಡಿದ ಪೆಟ್ಟಿಗೆ

"ತಾಯೀ, ನಿನ್ನೆ ನಾನು ಎಡವಿದಾಗ ನೀವು 'ಸದ್ಯ!' ಎಂದಿರಲ್ಲ, ಯಾಕೆ?"

ಬಸವಂತ ಕೇಳಿದ್ದು ತಲೆ ತಗ್ಗಿಸಿಕೊಂಡೇ. ನಾಡಿದ್ದು ಅವನು ಮಹಾಸಭೆಯಲ್ಲಿ ತನ್ನ ಮೊದಲ ಪ್ರವಚನ ಮಾಡಬೇಕಿತ್ತು. ಅದಕ್ಕೆ ಮುಂಚೆ ಗುರು ಮುದ್ದವ್ವ ಅವನನ್ನು ಮಠದ ಅಡುಗೆಮನೆಯಲ್ಲಿ, ಈರುಳ್ಳಿ ಹೆಚ್ಚುವವರ ಮುಂದೆ ನಿಲ್ಲಿಸಿ ಅದೇ ಪ್ರವಚನ ಹೇಳಿಸಿದ್ದರು. ನಡುವೆ ಮಾತಿನ ಎಳೆ ತಪ್ಪಿಹೋಯಿತು. ಅಡುಗೆಯವಳೊಬ್ಬಳು, "ಅಯ್ಯೋ, ಸ್ವಾಮಿಗಳ ಒಗ್ಗರಣೆ ಸೀದುಹೋಯ್ತು" ಎಂದಳು. ಎಲ್ಲರೂ ನಕ್ಕರು. ಆ ನಗುವಿಗಿಂತ ಗುರುವಿನ 'ಸದ್ಯ'ವೇ ಅವನನ್ನು ಹೆಚ್ಚು ಚುಚ್ಚಿತ್ತು.

ಮುದ್ದವ್ವ ಎಲೆಅಡಿಕೆಯ ತಟ್ಟೆ ಪಕ್ಕಕ್ಕೆ ಸರಿಸಿ ಕತೆ ಹೇಳಿದರು.

ಒಂದು ಬಂದರಿನಲ್ಲಿ ಒಬ್ಬ ವರ್ತಕನಿದ್ದ. ಮಗಳನ್ನು ಎದುರಿನ ದ್ವೀಪಕ್ಕೆ ಕೊಟ್ಟಿದ್ದ. ಅವಳು ಬಸುರಿ. ಹೆರಿಗೆಗೆ ಕರೆತರೋಣವೆಂದರೆ ದೋಣಿ ಹತ್ತಲೇಬಾರದೆಂದು ವೈದ್ಯೆಯ ಕಟ್ಟಪ್ಪಣೆ. ಮಳೆ ಹಿಡಿದರೆ ಆ ದ್ವೀಪಕ್ಕೆ ಹೋಗುವವರಿಲ್ಲ, ಅಲ್ಲಿಂದ ಬರುವವರಿಲ್ಲ. ಆಗ ದಡದಲ್ಲಿರುವ ವೈದ್ಯೆ ಪರದೆಯ ಮೇಲೆ ನೋಡಿಕೊಂಡು ದ್ವೀಪದ ಸೂಲಗಿತ್ತಿಗೆ ದಾರಿ ಹೇಳಬೇಕು. ಅದಕ್ಕೆ ಬೇಕಾದುದೆಲ್ಲ ದ್ವೀಪದ ಚಿಕಿತ್ಸಾಲಯದಲ್ಲಿತ್ತು, ಒಂದು ಸ್ವಿಚ್ ಬಿಟ್ಟು. ಗೋಡೆಯ ಮೇಲೆ ಟಪ್ಪೆಂದು ಒತ್ತುವ ಸ್ವಿಚ್ಚಲ್ಲ. ತಂತಿಗಳೆಲ್ಲ ಬಂದು ಸೇರುವ ಪೆಟ್ಟಿಗೆ ಅದು. ಈ ತಂತಿಯ ಮಾತನ್ನು ಆ ತಂತಿಗೆ ದಾಟಿಸುವುದು ಅದರ ಕೆಲಸ.

ವರ್ತಕ ಹೊಸದೊಂದು ಪೆಟ್ಟಿಗೆ ಕೊಂಡ. ಪೂಜೆ ಮಾಡಿಸಿ, ಕುಂಕುಮ ಹಚ್ಚಿಸಿ, ಮಲ್ಲಿಗೆ ದಂಡೆ ಸುತ್ತಿಸಿದ. ಮಳೆಗಾಲಕ್ಕೆ ಮುಂಚಿನ ಕೊನೆಯ ದೋಣಿ ಕಾಯುತ್ತಿತ್ತು. ಅದನ್ನು ಜೋಡಿಸಲು ಹೊರಟಿದ್ದ ಹೆಂಗಸು ಬಂದರಿನ ಉಗ್ರಾಣದಲ್ಲಿ ಕೂತು, ದಂಡೆಯನ್ನು ಮೆಲ್ಲಗೆ ಸರಿಸಿ, ಪೆಟ್ಟಿಗೆ ಬಿಚ್ಚತೊಡಗಿದಳು.

ವರ್ತಕ ಹೌಹಾರಿದ. "ಏನಮ್ಮಾ ಮಾಡ್ತಿದ್ದೀ? ಮುಹೂರ್ತ ನೋಡಿ ನನ್ನ ಮಗಳ ಕೈಯಿಂದ ಮೊದಲ ಸಲ ಹತ್ತಬೇಕು ಅದು! ಮದುವೆಗೆ ಮುಂಚೆ ಮದುಮಗನನ್ನು ಕುಣಿಸಿ ನೋಡ್ತಾರೇನು?"

"ಕುಣಿಸೋದು ಬೇಡ ಯಜಮಾನ್ರೇ, ನಾಲ್ಕು ಹೆಜ್ಜೆ ನಡೆಸಿ ನೋಡ್ತೀನಿ."

"ಸೀಲು ಒಡೆಯದ ಮಾಲು! ನಿನಗೆ ನಂಬಿಕೆ ಅನ್ನೋದೇ ಇಲ್ವಾ?"

"ಇದೆ. ಪೆಟ್ಟಿಗೆಯನ್ನೇ ಕೇಳಿ ನಂಬ್ತೀನಿ."

ಕರೆಂಟು ಕೊಟ್ಟಳು. ಪುಟ್ಟ ದೀಪಗಳೆಲ್ಲ ಒಟ್ಟಿಗೆ ಮಿನುಗಿದವು. "ಹತ್ತಿತಲ್ಲ, ಕಟ್ಟು, ಕಟ್ಟು" ಎಂದ ವರ್ತಕ. ಅವಳು ಏಳಲಿಲ್ಲ. ಹತ್ತಿದ ಮೇಲೆ ಆ ಪೆಟ್ಟಿಗೆ ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುತ್ತದೆ. ಎಲ್ಲ ಸರಿಯಿದ್ದರೆ ಕೊನೆಗೊಂದು ದೀಪ ಹಸಿರಾಗಿ ನಿಲ್ಲಬೇಕು. ಆ ದೀಪ ಮಿನುಗಿ ಮಿನುಗಿ ಅರಿಶಿನ ಬಣ್ಣಕ್ಕೆ ನಿಂತಿತು. ಆರಿಸಿ ಮತ್ತೆ ಹಚ್ಚಿದಳು. ಮತ್ತೆ ಅರಿಶಿನ.

"ನೋಡು, ಅರಿಶಿನ! ಎಂಥ ಶುಭ!" ಎಂದು ವರ್ತಕ ಕೈಮುಗಿದ.

"ನಮಗೆ ಶುಭ ಯಜಮಾನ್ರೇ. ಇದಕ್ಕೆ ಜ್ವರ. ಇದು ಕೆಲಸ ಮಾಡೋಲ್ಲ." ಅವಳು ಉಸಿರು ಬಿಟ್ಟು ಹೇಳಿದಳು, "ಸದ್ಯ!"

"ಸದ್ಯವಂತೆ! ನನ್ನ ಎದೆ ಒಡೆದುಹೋಗ್ತಿದೆ, ನಿನಗೆ ಸದ್ಯವೇ?"

"ಈ ಬಣ್ಣವನ್ನ ದ್ವೀಪದಲ್ಲಿ ಕಂಡಿದ್ದರೆ ಏನಂತಿದ್ರಿ?"

ವರ್ತಕ ಸಮುದ್ರದ ಕಡೆ ನೋಡಿದ. ಅವನ ಬಾಯಿಂದಲೂ ಅದೇ 'ಸದ್ಯ' ಹೊರಟಿತು. ದೋಣಿಯವನ ಕೈಕಾಲು ಹಿಡಿದು ನಿಲ್ಲಿಸಿ, ಪೆಟ್ಟಿಗೆಯನ್ನು ಕಂಕುಳಲ್ಲಿ ಅವುಚಿಕೊಂಡು ತಾನೇ ಅಂಗಡಿಗೆ ಓಡಿದ. ಬದಲಿಗೆ ತಂದದ್ದನ್ನು ಅವಳು ಹಚ್ಚಿದಾಗ ಹಸಿರು ನಿಂತಿತು. ತಂತಿ ಸಿಕ್ಕಿಸಿ ನೋಡಿದಳು; ಈ ಬದಿಯ ಮಾತು ಆ ಬದಿಗೆ ದಾಟಿತು. ಇನ್ನು ಕಟ್ಟೋಣವೆಂದರೆ ವರ್ತಕ ಬಿಡಲೊಲ್ಲ. "ಇನ್ನೊಂದು ಸಲ ಹಚ್ಚಮ್ಮಾ, ಕಣ್ತುಂಬ ನೋಡ್ತೀನಿ." ದೋಣಿಯವನು ಬೈಯತೊಡಗಿದ ಮೇಲೆಯೇ ಅವನು ಎದ್ದು ಅವಳ ಜೊತೆ ದೋಣಿ ಹತ್ತಿದ್ದು.

ದ್ವೀಪದಲ್ಲಿ ಆ ಹೆಂಗಸು ಪೆಟ್ಟಿಗೆ ಜೋಡಿಸಿದ ಮೇಲೆ ಮಗಳು ಗುಂಡಿ ಒತ್ತಿದಳು. ಹಸಿರು ಬಂತು. ವರ್ತಕ ಅದನ್ನು ಜನ್ಮದಲ್ಲೇ ಮೊದಲ ಸಲ ನೋಡಿದವನಂತೆ ಚಪ್ಪಾಳೆ ತಟ್ಟಿದ. ಅದೇ ದೋಣಿಯಲ್ಲಿ ಮರಳಿದ. ಮಳೆಯ ನಡುವೆ ಹೆರಿಗೆಯಾಯಿತು. ವೈದ್ಯೆ ಇಲ್ಲಿಂದ ಹೇಳಿದಳು, ಸೂಲಗಿತ್ತಿ ಅಲ್ಲಿ ಮಾಡಿದಳು. ಮಗು ಅತ್ತದ್ದು ಅಜ್ಜನಿಗೆ ದಡದಲ್ಲೇ ಕೇಳಿಸಿತು. ಪೆಟ್ಟಿಗೆಯ ನೆನಪು ಮಾತ್ರ ಯಾರಿಗೂ ಬರಲಿಲ್ಲ.

ಕತೆ ಮುಗಿಯಿತು. ಬಸವಂತನ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. "ತಿಳಿಯಿತು ತಾಯೀ. ಎಡವಿದ್ದು ಇಲ್ಲೇ ಆಯಿತು, ಸದ್ಯ! ಇನ್ನು ಭಯವಿಲ್ಲ. ನಾಡಿದ್ದು ನೇರ ಸಭೆಗೇ ಹೋಗಿ ನಿಲ್ಲುತ್ತೇನೆ" ಎಂದು ನಗುತ್ತ ಏಳಹೊರಟ.

ಮುದ್ದವ್ವ ಅಡುಗೆಮನೆಯ ಕಡೆ ಕೈತೋರಿಸಿದರು.

"ಅವರಿಗೆ ಇನ್ನೂ ಒಂದು ಬುಟ್ಟಿ ಈರುಳ್ಳಿ ಹೆಚ್ಚೋದಿದೆಯಂತೆ. ಹೋಗಿ ಇನ್ನೊಂದು ಸಲ ಹೇಳು."