ಬಾನಿಯ ಹಸಿವು

“ಗುರುಗಳೇ, ಹಳೆಗಾಲದ ಕತೆಯೊಂದನ್ನು ಬರೆಯಬೇಕೆಂದಿದ್ದೇನೆ. ತಲೆತಲಾಂತರದಿಂದ ಒಂದೇ ಕಸುಬು ಹಿಡಿದುಬಂದ ಮನೆತನದ ಕತೆ. ಯಾವ ಕಸುಬನ್ನು ಆರಿಸಿಕೊಳ್ಳಲಿ? ಕತ್ತಿ ಮಾಡುವವರದೋ, ಮುತ್ತಿನ ವ್ಯಾಪಾರದವರದೋ?” ಎಂದು ಶಿಷ್ಯ ಕೇಳಿದ.

ಗುರುಗಳಿಗೆ ದಣಿವಾಗಿತ್ತು. ಗೋಡೆಗೆ ಒರಗಿ ಕುಳಿತರು. ಆಮೇಲೆ ಹೇಳತೊಡಗಿದರು.

ಒಬ್ಬ ಬಣ್ಣಗಾರನಿದ್ದ. ನೂಲಿಗೆ ನೀಲಿ ಹಾಕುವುದು ಅವನ ಕಸುಬು. ನೆಲದಲ್ಲಿ ಹೂತ ದೊಡ್ಡ ಬಾನಿ, ಅದರ ತುಂಬ ಹುಳಿ ಬಂದ ನೀಲಿ. ಆ ಬಾನಿಯನ್ನು ಮನೆತನದವರು ಎಂದೂ ಬರಿದು ಮಾಡಿದ್ದಿಲ್ಲ. ಹಳೆಯ ನೀರು ಅರ್ಧ ಇರುವಾಗಲೇ ಹೊಸದನ್ನು ಕೂಡಿಸುತ್ತಿದ್ದರು, ಮೊಸರಿಗೆ ಹೆಪ್ಪು ಉಳಿಸಿಕೊಂಡ ಹಾಗೆ. ಹಸಿರಾಗಿ ಮೇಲೆ ಬಂದ ನೂಲು ಗಾಳಿ ಸೋಕಿದೊಡನೆ ನೀಲಿಯಾಗುತ್ತಿತ್ತು. ಬಾನಿ ಸತ್ತರೆ ಕಸುಬೂ ಸತ್ತಂತೆ. ನೂಲು ತಂದ ನೇಕಾರರ ಮುಂದೆ ಅವನು, ಬಾನಿ ಹೂತವನಿಂದ ಹಿಡಿದು ತನ್ನಪ್ಪನವರೆಗೆ, ಹೆಸರುಗಳನ್ನು ಒಂದೇ ಉಸಿರಿಗೆ ಹೇಳುತ್ತಿದ್ದ.

ಬೆಳಗಾಗೆದ್ದು ಬಾನಿಯ ಮುಚ್ಚಳ ತೆಗೆಯುತ್ತಿದ್ದವಳು ಅವನ ಹೆಂಡತಿ. ಮೂಸಿ ನೋಡುವಳು. ಬೆರಳದ್ದಿ ನಾಲಿಗೆಗೆ ಹಚ್ಚುವಳು. ಒಂದು ದಿನ ಸುಣ್ಣ ಹಾಕುವಳು, ಒಂದು ದಿನ ಬೆಲ್ಲ, ಇನ್ನೊಂದು ದಿನ ಬೇಯಿಸಿದ ತಗಚೆ ಬೀಜ; ಹುಳಿ ಸಾಯದಿರಲು ಬಾನಿಗೆ ಅದೇ ಊಟ.

“ಮೊದಲು ಬಾನಿಗೆ, ಆಮೇಲೆ ಗಂಡನಿಗೆ. ನಾನೇನು ಈ ಮನೆಗೆ ಹೊರಗಿನವನೇ?” ಎಂದು ಅವನು ರೇಗಿಸುತ್ತಿದ್ದ.

“ಹಸಿದರೆ ಊರಿಗೆಲ್ಲ ಕೇಳುವ ಹಾಗೆ ಕೂಗುತ್ತೀರಿ. ಅದಕ್ಕೆ ಬಾಯಿದೆಯೇ?” ಎನ್ನುತ್ತಿದ್ದಳು.

ಅವಳು ಹೋದಳು. ಜ್ವರ ಬಂತು, ಹೋದಳು. ಮಕ್ಕಳಾಗಿರಲಿಲ್ಲ. ಮನೆಯಲ್ಲಿ ಬೇರೆ ಹೆಂಗಸಿರಲಿಲ್ಲ.

ಸಾವಾದ ಮನೆಯಲ್ಲಿ ಸೂತಕ ಕಳೆಯುವ ತನಕ ಬಾನಿಯ ಬಾಯಿಗೆ ಬಟ್ಟೆ ಕಟ್ಟಬೇಕು, ಯಾರೂ ಮುಟ್ಟಬಾರದು. ಅದು ಹಿರಿಯರ ಕಟ್ಟಳೆ. ಅವನು ಕಟ್ಟಿದ. ಅದರ ಪಕ್ಕದಲ್ಲೇ ಕುಳಿತ. ಉಂಡದ್ದು, ಮಲಗಿದ್ದು ಒಂದೂ ನೆನಪಿಲ್ಲ.

ಸೂತಕ ಕಳೆದ ದಿನ ಬಟ್ಟೆ ಬಿಚ್ಚಿದ. ನಾತ ಬಡಿಯಿತು. ನೂಲು ಅದ್ದಿದ. ಕಲಗಚ್ಚಿನ ಬಣ್ಣದಲ್ಲಿ ಬಂತು. ಗಾಳಿಗೆ ಹಿಡಿದ. ಹಾಗೇ ಇತ್ತು.

ಆ ದಿನದ ಕಾರ್ಯಕ್ಕೆಂದು ಅವನ ಮುದಿ ಸೋದರತ್ತೆ ಬಂದಿದ್ದಳು.

“ಅಪ್ಪ ಸತ್ತಾಗಲೂ ಕಟ್ಟಿದ್ದೆ, ಅತ್ತೆ. ಆಗ ಬಾನಿ ಬದುಕಿತ್ತಲ್ಲ?”

“ಆಗ ನಿನ್ನ ಹೆಂಡತಿ ಇದ್ದಳಲ್ಲೋ ಮಗಾ. ಸೂತಕ ನಿಮಗೆ, ಹಸಿವಿಗೆ ಎಲ್ಲಿಯ ಸೂತಕ? ನೀವು ಗಂಡಸರು ಕಟ್ಟಿ ಆಚೆ ಹೋಗುತ್ತಿದ್ದಿರಿ. ಮನೆಯ ಹೆಂಗಸರು ಬಿಚ್ಚಿ, ಉಣಿಸಿ, ಮತ್ತೆ ಕಟ್ಟುತ್ತಿದ್ದರು. ನನ್ನವ್ವ ಮಾಡಿದ್ದೂ ಅದನ್ನೇ, ಅವಳತ್ತೆ ಮಾಡಿದ್ದೂ ಅದನ್ನೇ.”

“ನನಗೆ ಒಬ್ಬರೂ ಹೇಳಲಿಲ್ಲ.”

“ನೀನು ಕೇಳಿದ್ದೆಯಾ? ಅಷ್ಟು ಹೆಸರು ಬಾಯಿಪಾಠ ಒಪ್ಪಿಸುತ್ತೀಯಲ್ಲ, ನನ್ನವ್ವನ ಹೆಸರು ಹೇಳು ನೋಡೋಣ.”

ಅವನಿಗೆ ಗೊತ್ತಿರಲಿಲ್ಲ.

ಸತ್ತ ನೀರನ್ನು ತಾನೇ ಹೊತ್ತು ಹೊರಗೆ ಚೆಲ್ಲಿದ. ಹೊಸ ನೀಲಿ ಕದಡಿದ, ಸುಣ್ಣ ಹಾಕಿದ, ಬೆಲ್ಲ ಹಾಕಿದ. ಮಾರನೆಯ ಬೆಳಗ್ಗೆ ಮುಚ್ಚಳ ತೆಗೆದು, ಬೆರಳದ್ದಿ ನಾಲಿಗೆಗೆ ಹಚ್ಚಿಕೊಂಡ. ಹಸಿದಿದೆಯೋ, ತಣಿದಿದೆಯೋ, ತಿಳಿಯಲಿಲ್ಲ.

ಗುರುಗಳು ಇಲ್ಲಿಗೆ ನಿಲ್ಲಿಸಿದರು.

ಶಿಷ್ಯ ಹಿಗ್ಗಿ ನೆಟ್ಟಗೆ ಕುಳಿತ. “ಸಿಕ್ಕಿತು ಗುರುಗಳೇ! ಬಣ್ಣಗಾರರ ಮನೆತನವನ್ನೇ ಆರಿಸುತ್ತೇನೆ. ಬಾನಿ ಹೂತವನ ಹೆಸರೇನು? ಅವನ ಮಗನದು?”

ಗುರುಗಳು ಹೇಳಿದರು: “ಬೆಳಗಾಗೆದ್ದು ಮುಚ್ಚಳ ತೆಗೆದವಳ ಹೆಸರನ್ನು ನೀನೂ ಕೇಳಲಿಲ್ಲ.”